ಬಿಸಿಲಿನ ಸೈಟಿಗೆ ಗಾಳಿಕಿಂಡಿ ಇರುವ ಹೆಲ್ಮೆಟ್: ಆರಿಸುವ ಮುಂಚೆ ಓದಿಕೊಳ್ಳಬೇಕಾದ ಟಿಪ್ಪಣಿ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ. ಬೆಳಗ್ಗೆ 8ಕ್ಕೆ ಶುರು, ಮಧ್ಯಾಹ್ನ 1:30ಕ್ಕೆ ಬಂದ್. ಅಲ್ಲಿನ ಬಿಸಿಲು ಅಂಥದ್ದು. ಆದರೆ ಸ್ಲ್ಯಾಬ್ ಮೇಲೆ ಕಂಬಿ ಕಟ್ಟುವವರಿಗೆ ಎಷ್ಟೋ ಕಡೆ ಈ ರಿಯಾಯಿತಿ ಸಿಗುವುದಿಲ್ಲ. ತಲೆ ಮೇಲೆ ಪ್ಲಾಸ್ಟಿಕ್ ಹೆಲ್ಮೆಟ್, ಒಳಗೆಲ್ಲ ಬೆವರು. ಪದೇ ಪದೇ ತೆಗೆದು ಒರೆಸಿಕೊಳ್ಳುತ್ತಾರೆ. ಆಮೇಲೆ ಪಕ್ಕಕ್ಕಿಟ್ಟು ಮರೆತೇಬಿಡುತ್ತಾರೆ. ಗಾಳಿಕಿಂಡಿ ಇರುವ ಹೆಲ್ಮೆಟ್ ಬಗ್ಗೆ ಸೇಫ್ಟಿ ಕೋರ್ಸಿನ ನಾವು ಓದಬೇಕಾದದ್ದು ಈ ಕಾರಣಕ್ಕೆ. ಪಕ್ಕಕ್ಕಿಟ್ಟ ಹೆಲ್ಮೆಟ್ ಎಷ್ಟು ಗಟ್ಟಿಯಾಗಿದ್ದರೂ ಏನು ಪ್ರಯೋಜನ, ಅಲ್ವಾ?

ಹಾಗಂತ ಇಡೀ ಸೈಟಿಗೆ ಕಿಂಡಿಯ ಹೆಲ್ಮೆಟ್‌ಗಳನ್ನೇ ತರಿಸಿಬಿಡುವುದು ಸರಿಯಲ್ಲ. ಮೊದಲು ಕೇಳಬೇಕಾದದ್ದು: ಹೆಲ್ಮೆಟ್ ಹಾಕುವವರ ತಲೆಯ ಮೇಲೆ, ಸುತ್ತಮುತ್ತ ಏನಿದೆ? ತಂತಿಯೋ, ಕಿಡಿಯೋ, ಬೀಳುವ ಕಲ್ಲೋ? ಎರಡನೆಯದು: ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುತ್ತದೆಯೇ? ಕಿಂಡಿಯ ಮಾತು ಇವೆರಡೂ ಆದಮೇಲೆ. ಅಂಗಡಿಯಲ್ಲಿ ಮಾತ್ರ ಉಲ್ಟಾ ನಡೆಯುತ್ತದೆ. ಕಿಂಡಿ ನೋಡಿ ಮೊದಲು ಖರೀದಿ, ಯಾರಿಗೆ ಕೊಡಬೇಕು ಅನ್ನುವ ಯೋಚನೆ ಆಮೇಲೆ.

ಒಳಗಿನ ಖಾಲಿ ಜಾಗ

ಹೆಲ್ಮೆಟ್‌ನಲ್ಲಿ ಮುಖ್ಯವಾಗಿ ಎರಡು ಭಾಗ. ಹೊರಗಿನ ಗಟ್ಟಿ ಚಿಪ್ಪು ಒಂದು. ಸಾಮಾನ್ಯವಾಗಿ ಎಚ್‌ಡಿಪಿಇ ಅಥವಾ ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ಮಾಡಿರುತ್ತಾರೆ. ಇನ್ನೊಂದು ಒಳಗಿನ ಪಟ್ಟಿಗಳ ಜಾಲ, ಅಂದರೆ ಸಸ್ಪೆನ್ಷನ್. ಇದು ನಾಲ್ಕು ಅಥವಾ ಆರು ಕಡೆ ಚಿಪ್ಪಿಗೆ ಸಿಕ್ಕಿಕೊಂಡಿರುತ್ತದೆ. ಹೆಲ್ಮೆಟ್ ಹಾಕಿದಾಗ ನೆತ್ತಿಗೂ ಚಿಪ್ಪಿಗೂ ನಡುವೆ ಸುಮಾರು 25ರಿಂದ 30 ಮಿ.ಮೀ. ಜಾಗ ಉಳಿಯುತ್ತದೆ. ಮೇಲಿನಿಂದ ಏನಾದರೂ ಬಿದ್ದರೆ ಪಟ್ಟಿಗಳು ಹಿಗ್ಗಿ, ಚಿಪ್ಪು ಈ ಜಾಗದೊಳಕ್ಕೆ ಇಳಿದು, ಹೊಡೆತದ ಜೋರು ಕಡಿಮೆಯಾಗುತ್ತದೆ. ಗಾಳಿ ಓಡಾಡುವುದೂ ಇದೇ ಜಾಗದಲ್ಲಿ. ಹಾಗಾಗಿ ಹೆಲ್ಮೆಟ್ ಒಳಗೆ ಟವೆಲ್ ಮಡಚಿ ಇಟ್ಟುಕೊಂಡರೆ ಎರಡು ನಷ್ಟ. ಪೆಟ್ಟು ತಡೆಯುವ ಜಾಗವೂ ಹೋಯ್ತು, ಗಾಳಿಯ ದಾರಿಯೂ ಮುಚ್ಚಿತು.

ನಮ್ಮ ಕಡೆ ಟವೆಲ್ ಸುತ್ತಿಕೊಳ್ಳುವುದು ಬೆವರಿಗೂ ಹೌದು, ಕತ್ತಿಗೆ ಬಿಸಿಲು ಬೀಳದಿರಲಿ ಅಂತಲೂ ಹೌದು. ಸುಮ್ನೆ ಬೇಡ ಅಂದರೆ ಯಾರೂ ಕೇಳಲ್ಲ. ಬದಲಿಗೆ ಹಿಂದೆ ಇಳಿಬೀಳುವ ಕತ್ತಿನ ಬಟ್ಟೆ ಕೊಡಿ. ಹೆಲ್ಮೆಟ್ ಕಂಪನಿಗಳೇ ಅಂಥದ್ದನ್ನು ಮಾರುತ್ತವೆ. ಒಳಗೆ ಬಟ್ಟೆ ಬೇಕೇ ಬೇಕೆಂದರೆ ತೆಳ್ಳಗಿರಬೇಕು, ಗಂಟು ಇರಬಾರದು, ಆ ಹೆಲ್ಮೆಟ್ ಜೊತೆ ಬಳಸಬಹುದು ಅಂತ ಕಂಪನಿ ಹೇಳಿರಬೇಕು.

43 ಡಿಗ್ರಿಯ ಗಾಳಿ ಒಳಗೆ ಬಂದರೆ ತಂಪು ಹೇಗೆ?

ತರಗತಿಯಲ್ಲಿ ಖಂಡಿತ ಏಳುವ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ ಕೂಡ. ಬಿಸಿಲಲ್ಲಿ ದುಡಿಯುವವರ ಚರ್ಮ ಸುಮಾರು 35 ಡಿಗ್ರಿ ಇರುತ್ತದೆ ಅಂದುಕೊಳ್ಳಿ. ಹೊರಗಿನ ಗಾಳಿ 43 ಡಿಗ್ರಿ. ಆಗ ಗಾಳಿ ಮೈಯಿಂದ ಶಾಖ ತೆಗೆದುಕೊಳ್ಳುವುದಿಲ್ಲ, ಉಲ್ಟಾ ಕೊಡುತ್ತದೆ. ಮೈ ತಂಪಾಗಲು ಉಳಿದ ದಾರಿ ಒಂದೇ, ಬೆವರು ಆರುವುದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೌಲ್ ಶಾಖ ಹೊತ್ತೊಯ್ಯುತ್ತದೆ. ಅದೇ ಬೆವರು ಹನಿಯಾಗಿ ಕೆಳಗೆ ಬಿದ್ದರೆ ಈ ಲಾಭ ಇಲ್ಲವೇ ಇಲ್ಲ.

ಕಿಂಡಿಯ ಕೆಲಸ ಇಲ್ಲಿದೆ. ಮುಚ್ಚಿದ ಹೆಲ್ಮೆಟ್ ಒಳಗಿನ ಗಾಳಿ ಬೇಗ ಬೆವರಿನ ಆವಿಯಿಂದ ತುಂಬಿಬಿಡುತ್ತದೆ. ಆಮೇಲೆ ಬೆವರು ಆರುವುದಿಲ್ಲ, ಸೋರುತ್ತದೆ. ಕಿಂಡಿ ಇದ್ದರೆ ಆ ತೇವದ ಗಾಳಿ ಹೊರಗೆ ಹೋಗಿ ಒಣ ಗಾಳಿ ಬರುತ್ತದೆ. ಬಂದ ಗಾಳಿ ಬಿಸಿಯೇ, ಆದರೆ ಒಣಗಿರುವುದರಿಂದ ಬೆವರು ಆರಿಸುತ್ತದೆ.

ಈಗ ಒಂದು ಸಣ್ಣ ಲೆಕ್ಕ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ಆವಿಯ ಒತ್ತಡ (ಗಾಳಿಯಲ್ಲಿ ನೀರಿನ ಆವಿ ಎಷ್ಟಿದೆ ಅನ್ನುವ ಅಳತೆ) ಸುಮಾರು 5.6 ಕಿಲೋಪಾಸ್ಕಲ್. ರಾಯಚೂರಿನಲ್ಲಿ ಒಂದು ಮಧ್ಯಾಹ್ನ 43 ಡಿಗ್ರಿ, ತೇವಾಂಶ 20 ಶೇಕಡ ಅಂತ ಇಟ್ಟುಕೊಳ್ಳಿ. ಗಾಳಿಯಲ್ಲಿನ ಆವಿಯ ಒತ್ತಡ ಸುಮಾರು 1.7. ವ್ಯತ್ಯಾಸ 3.9. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ 70 ಶೇಕಡ ಅನ್ನಿ. ಅಲ್ಲಿನ ಗಾಳಿಯದು ಸುಮಾರು 3.7. ವ್ಯತ್ಯಾಸ ಬರೀ 1.9. ಬೆವರು ಆರುವ ವೇಗ ಈ ವ್ಯತ್ಯಾಸವನ್ನೇ ನೆಚ್ಚಿಕೊಂಡಿದೆ. ಗಾಳಿಯ ಓಟ ಒಂದೇ ಇದ್ದರೆ ಅದೇ ಕಿಂಡಿ ರಾಯಚೂರಿನಲ್ಲಿ ಮಂಗಳೂರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕೆಲಸ ಮಾಡುತ್ತದೆ. ಕರಾವಳಿಯಲ್ಲಿ ಉಷ್ಣಾಂಶ ಕಡಿಮೆಯಿದ್ದರೂ ಒಗೆದ ಬಟ್ಟೆ ಬೇಗ ಒಣಗದಿರುವುದೂ ಇದೇ ಕಾರಣಕ್ಕೆ. ಪರೀಕ್ಷೆಗೆ ಈ ಲೆಕ್ಕ ಬರಲಿ ಬಿಡಲಿ, ಒಂದು ಸಲ ನೀವೇ ಮಾಡಿ ನೋಡಿ. "ಬಿಸಿಲು ಜಾಸ್ತಿ ಇರುವ ಕಡೆ ಕಿಂಡಿ" ಅನ್ನುವುದಕ್ಕಿಂತ "ಒಣ ಬಿಸಿಲಿರುವ ಕಡೆ ಕಿಂಡಿ" ಅನ್ನುವುದು ಸರಿ ಎಂದು ಆಗ ಗೊತ್ತಾಗುತ್ತದೆ.

ಗಾಳಿ ಆಡುವ ಜಾಗವೂ ಬೇಕು. ನಾಲ್ಕನೇ ಮಹಡಿಯ ಸ್ಲ್ಯಾಬ್ ಮೇಲೆ ಕಿಂಡಿಯಿಂದ ಆಗುವ ಉಪಕಾರ, ಪಾಯದ ಗುಂಡಿಯೊಳಗೆ ನಿಂತವರಿಗೆ ಆಗುವುದಿಲ್ಲ. ಜೊತೆಗೆ ಒಂದು ಮಿತಿ ನೆನಪಿರಲಿ. ಇಡೀ ಮೈಯ ಚರ್ಮದಲ್ಲಿ ತಲೆಯ ಪಾಲು ಹೆಚ್ಚೆಂದರೆ ಹತ್ತರಲ್ಲಿ ಒಂದು. ಮೈಯ ಶಾಖವೆಲ್ಲ ತಲೆಯಿಂದಲೇ ಹೋಗುತ್ತದೆ ಅನ್ನುವ ಮಾತು ಸುಳ್ಳು. ಕಿಂಡಿ ಕಿರಿಕಿರಿ ಕಡಿಮೆ ಮಾಡುತ್ತದೆ, ಹೆಲ್ಮೆಟ್ ತಲೆಯ ಮೇಲೆ ಉಳಿಯುವಂತೆ ಮಾಡುತ್ತದೆ. ಬಿಸಿಲಿನ ಹೊಡೆತ ತಡೆಯಲು ಮಾತ್ರ ನೀರು, ನೆರಳು, ನಡುನಡುವೆ ವಿಶ್ರಾಂತಿ, ಕೆಲಸದ ಸಮಯ ಬದಲಿಸುವುದು ಬೇಕೇ ಬೇಕು. "ಕಿಂಡಿಯ ಹೆಲ್ಮೆಟ್ ಕೊಟ್ಟಿದ್ದೀವಲ್ಲ" ಅಂತ ಕಾಂಟ್ರಾಕ್ಟರ್ ನೀರಿನ ಕ್ಯಾನ್ ಕಡಿಮೆ ಮಾಡಿದರೆ ಅಲ್ಲೇ ತಡೆಯಿರಿ.

ಬಣ್ಣದ್ದೂ ಒಂದು ಪಾತ್ರವಿದೆ. ಬಿಳಿ ಚಿಪ್ಪು ಬಿಸಿಲನ್ನು ಹೆಚ್ಚು ವಾಪಸ್ ಕಳಿಸುತ್ತದೆ, ಕಡುಬಣ್ಣ ಹೀರಿಕೊಳ್ಳುತ್ತದೆ. ನಮ್ಮ ಎಷ್ಟೋ ಸೈಟುಗಳಲ್ಲಿ ಬಿಳಿ ಎಂಜಿನಿಯರ್‌ಗೆ, ಹಳದಿ ಕಾರ್ಮಿಕರಿಗೆ. ಹಳದಿಯೂ ತಿಳಿಬಣ್ಣವೇ, ತೊಂದರೆಯಿಲ್ಲ. ಕಡುನೀಲಿ ಹಾಕಿಸಿಕೊಂಡವರ ಬಗ್ಗೆ ಯೋಚಿಸಬೇಕು.

ಎಷ್ಟು ಕಿಂಡಿ ಇರಬಹುದು?

ಕೆಲಸದ ಹೆಲ್ಮೆಟ್‌ಗಳಿಗೆ ಇರುವ ಯೂರೋಪಿನ ಇಎನ್ 397 ಮಾನದಂಡದ 2012ರ ಆವೃತ್ತಿ ಇದಕ್ಕೆ ಅಂಕಿ ಕೊಡುತ್ತದೆ. ಕಿಂಡಿ ಇಟ್ಟರೆ ಎಲ್ಲ ಸೇರಿ 150 ಚದರ ಮಿ.ಮೀ.ಗಿಂತ ಕಡಿಮೆ ಇರಬಾರದು, 450 ಮೀರಬಾರದು. ನಮ್ಮ ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿ.ಮೀ. ಅದರ ಮುಖದ ವಿಸ್ತೀರ್ಣ ಸುಮಾರು 570 ಚದರ ಮಿ.ಮೀ. ಅಂದರೆ ಆ ಮಾನದಂಡದ ಹೆಲ್ಮೆಟ್‌ನ ಎಲ್ಲ ಕಿಂಡಿಗಳನ್ನು ಕೂಡಿಸಿದರೂ ಒಂದು ನಾಣ್ಯದಷ್ಟು ಆಗುವುದಿಲ್ಲ! ತೂತು ಜಾಸ್ತಿಯಾದಷ್ಟೂ ಚಿಪ್ಪಿನ ಬಲ ಕಡಿಮೆ, ಚೂಪು ವಸ್ತು ಒಳಗೆ ಬರುವ ಅಪಾಯ ಜಾಸ್ತಿ. ಅದಕ್ಕೇ ಮೇಲಿನ ಮಿತಿ.

ಕಿಂಡಿಯ ಹೆಲ್ಮೆಟ್ಟೂ ಪೂರ್ತಿ ಪರೀಕ್ಷೆ ದಾಟಲೇಬೇಕು. ಇದೇ ಮಾನದಂಡದಲ್ಲಿ 5 ಕೆ.ಜಿ. ತೂಕವನ್ನು 1 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಒಳಗಿನ ತಲೆ ಗೊಂಬೆಗೆ ತಲುಪುವ ಬಲ 5 ಕಿಲೋನ್ಯೂಟನ್ ದಾಟಬಾರದು. 3 ಕೆ.ಜಿ.ಯ ಚೂಪು ತುದಿಯ ತೂಕ ಬೀಳಿಸುವ ಪರೀಕ್ಷೆಯೂ ಇದೆ. ಆ ತುದಿ ಗೊಂಬೆಯನ್ನು ಮುಟ್ಟಬಾರದು. ಕಂಪನಿ ಮಾಡಿದ ಕಿಂಡಿ ಈ ಪರೀಕ್ಷೆಗಳ ಲೆಕ್ಕ ಹಾಕಿ ಇಟ್ಟದ್ದು. ಕಾಯಿಸಿದ ಕಂಬಿಯಿಂದಲೋ ಡ್ರಿಲ್ಲಿನಿಂದಲೋ ನಾವೇ ತೂತು ಹಾಕಿದರೆ ಆ ಲೆಕ್ಕ ಕೆಟ್ಟಿತು. ಪೆಟ್ಟು ಬಿದ್ದಾಗ ಚಿಪ್ಪು ಆ ತೂತಿನ ಅಂಚಿನಿಂದಲೇ ಸೀಳಬಹುದು. ಅಂಥ ಹೆಲ್ಮೆಟ್ ಕಣ್ಣಿಗೆ ಬಿದ್ದರೆ ಕತ್ತರಿಸಿ ಎಸೆಯಿರಿ. ಸುಮ್ನೆ ಮೂಲೆಗಿಟ್ಟರೆ ಮತ್ತೆ ಯಾರದೋ ತಲೆ ಸೇರುತ್ತದೆ.

ಕರೆಂಟ್ ಇರುವ ಕಡೆ ಕಿಂಡಿ ಬೇಡ

ಇದರಲ್ಲಿ ರಾಜಿಯಿಲ್ಲ. ಅಮೆರಿಕದ ಆನ್ಸಿ ಝಡ್ 89.1 ಮಾನದಂಡ ವಿದ್ಯುತ್ ವಿಷಯದಲ್ಲಿ ಮೂರು ಕ್ಲಾಸ್ ಮಾಡುತ್ತದೆ. ಕ್ಲಾಸ್ ಜಿ ಹೆಲ್ಮೆಟ್‌ಗೆ 2,200 ವೋಲ್ಟ್ ಪರೀಕ್ಷೆ, ಕ್ಲಾಸ್ ಇ ಹೆಲ್ಮೆಟ್‌ಗೆ 20,000 ವೋಲ್ಟ್. ಕ್ಲಾಸ್ ಸಿ ಅಂದರೆ ವಿದ್ಯುತ್ತಿನಿಂದ ಯಾವ ರಕ್ಷಣೆಯೂ ಇಲ್ಲ. ಕಿಂಡಿಯ ಹೆಲ್ಮೆಟ್ ಈ ಕ್ಲಾಸ್ ಸಿ ಗುಂಪಿಗೆ ಸೇರುತ್ತದೆ. ಕೆಲವು ಮಾದರಿಗಳಲ್ಲಿ, ಉದಾಹರಣೆಗೆ ಪೆಟ್ಜ್ಲ್ ಕಂಪನಿಯ ವರ್ಟೆಕ್ಸ್ ವೆಂಟ್‌ನಲ್ಲಿ, ಕಿಂಡಿ ಮುಚ್ಚುವ ಜಾರು ಬಾಗಿಲು ಇರುತ್ತದೆ. ಅದು ಚಳಿ, ಧೂಳಿಗೆ ಒಳ್ಳೆಯದು. ಮುಚ್ಚಿದ ಮಾತ್ರಕ್ಕೆ ಅದು ಎಲೆಕ್ಟ್ರಿಷಿಯನ್ ಹೆಲ್ಮೆಟ್ ಆಗುವುದಿಲ್ಲ.

ಹಾಗೆಯೇ ವೆಲ್ಡಿಂಗ್, ಗ್ಯಾಸ್ ಕಟಿಂಗ್ ಕೆಲಸದ ಕೆಳಗೆ ನಿಲ್ಲುವವರಿಗೂ ಕಿಂಡಿ ಬೇಡ. ಕಿಡಿ ನೇರ ಕೂದಲಿಗೆ ಇಳಿಯುತ್ತದೆ. ಸ್ಲ್ಯಾಬ್ ಹಾಕುವ ದಿನ ಸೆಂಟ್ರಿಂಗ್ ಕೆಳಗೆ ಸಿಮೆಂಟ್ ಹಾಲು ತೊಟ್ಟಿಕ್ಕುತ್ತಿರುತ್ತದೆ. ಅದು ನೆತ್ತಿ ಸುಡುತ್ತದೆ, ಕಿಂಡಿಯನ್ನೂ ಮುಚ್ಚಿಬಿಡುತ್ತದೆ.

ಒಂದು ಸೈಟ್ ಕಲ್ಪಿಸಿಕೊಳ್ಳಿ. ರಾಯಚೂರು, ಮೇ ತಿಂಗಳು, ಐದು ಮಹಡಿ ಕಟ್ಟಡ, ಪಕ್ಕದಲ್ಲಿ 11 ಕೆವಿ (11,000 ವೋಲ್ಟ್) ಕರೆಂಟ್ ಲೈನ್. ಮೇಲಿನ ಸ್ಲ್ಯಾಬ್‌ನಲ್ಲಿ ಕಂಬಿ ಕಟ್ಟುವವರು ಲೈನಿನಿಂದ ದೂರ ಇದ್ದಾರೆ: ಕಿಂಡಿ ಇರುವುದು, ಬಿಳಿ ಅಥವಾ ಹಳದಿ. ವೈರಿಂಗ್ ಮಾಡುವವರು: ಕಿಂಡಿ ಇಲ್ಲದ್ದು. ಲೈನ್ ಕಡೆಯ ಅಟ್ಟಣಿಗೆಯಲ್ಲಿ ಕಬ್ಬಿಣದ ಪೈಪ್ ಜೋಡಿಸುವವರು: ಎಷ್ಟೇ ಬಿಸಿಲಿದ್ದರೂ ಕಿಂಡಿ ಇಲ್ಲದ್ದು. ಹೆಲ್ಮೆಟ್ ನೆಚ್ಚಿಕೊಂಡು ಲೈನ್ ಹತ್ತಿರ ಹೋಗುವಂತೆಯೂ ಇಲ್ಲ, ದೂರ ಕಾಯ್ದುಕೊಳ್ಳುವುದೇ ಮೊದಲ ರಕ್ಷಣೆ. ಬೆಳಗ್ಗೆ ಸ್ಲ್ಯಾಬ್ ಮೇಲೆ, ಮಧ್ಯಾಹ್ನ ಲೈನ್ ಪಕ್ಕ ಅಂತ ಕೆಲಸ ಬದಲಾಗುವ ಹೆಲ್ಪರ್‌ಗೆ ಯಾವುದು? ನನ್ನ ಪ್ರಕಾರ ಕಿಂಡಿ ಇಲ್ಲದ್ದೇ. ಅವರಿಗೆ ನೆರಳಿನ ವಿರಾಮ ಒಂದು ಜಾಸ್ತಿ ಕೊಡಿ.

ತಲೆಗೆ ಕೂರುವುದು

ಹಿಂದಿನ ರ್‍ಯಾಚೆಟ್ ತಿರುಗಿಸಿ ಬಿಗಿ ಮಾಡಿ, ತಲೆ ಬಗ್ಗಿಸಿ, ಸ್ವಲ್ಪ ಅಲ್ಲಾಡಿಸಿ. ಜಾರಬಾರದು, ಹಣೆ ಮೇಲೆ ಕೆಂಪು ಗೆರೆಯೂ ಮೂಡಬಾರದು. ತುರುಬು ಕಟ್ಟುವ ಹೆಣ್ಣುಮಕ್ಕಳಿಗೆ ರ್‍ಯಾಚೆಟ್ ತುರುಬಿನ ಮೇಲೆ ಕೂತರೆ ಹೆಲ್ಮೆಟ್ ಮುಂದಕ್ಕೆ ಬೀಳುತ್ತದೆ. ಜಡೆ ಕೆಳಗೆ ಬಿಟ್ಟರೆ ಸರಿಹೋಗುತ್ತದೆ. ಹಣೆಯ ಬೆವರು ಪಟ್ಟಿ ಬಿಚ್ಚಿ ತೊಳೆಯುವಂಥದ್ದೇ ಇರಲಿ. ಬೇಸಿಗೆಯಲ್ಲಿ ಒಬ್ಬೊಬ್ಬರಿಗೆ ಎರಡು ಪಟ್ಟಿ ಕೊಡುವುದು ದೊಡ್ಡ ಖರ್ಚೇನಲ್ಲ.

ತಲೆ ಮೇಲೆ ಸಿಂಬೆ ಇಟ್ಟು ಬಾಂಡ್ಲಿ ಹೊರುವ ಹೆಂಗಸರ ಮಾತನ್ನು ಯಾವ ಕ್ಯಾಟಲಾಗೂ ಎತ್ತುವುದಿಲ್ಲ. ಅವರಿಗೆ ಯಾವ ಹೆಲ್ಮೆಟ್ಟೂ ಕೂರುವುದಿಲ್ಲ, ಕಿಂಡಿ ಇದ್ದರೂ ಅಷ್ಟೇ. ಅಲ್ಲಿ ಬದಲಾಗಬೇಕಾದದ್ದು ಹೊರುವ ವಿಧಾನ. ಕೈಗಾಡಿ, ಲಿಫ್ಟ್, ಪಂಪ್ ಬರಬೇಕು. ಸೇಫ್ಟಿ ಓದುವ ನಾವು ಇದನ್ನು ಮೀಟಿಂಗಿನಲ್ಲಿ ಹೇಳಲೇಬೇಕು.

ಎತ್ತರದಲ್ಲಿ ಕೆಲಸವಿದ್ದರೆ ಗದ್ದದ ಪಟ್ಟಿಯನ್ನೂ ನೋಡಿ. ಇಎನ್ 397ರ 2012ರ ಆವೃತ್ತಿಯಲ್ಲಿ ಪಟ್ಟಿಯ ಹಿಡಿತ 150ರಿಂದ 250 ನ್ಯೂಟನ್ ಎಳೆತಕ್ಕೆ ಬಿಟ್ಟುಕೊಳ್ಳಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯದಿರಲಿ ಅಂತ. ಪರ್ವತಾರೋಹಿಗಳ ಇಎನ್ 12492 ಪ್ರಕಾರ 500 ನ್ಯೂಟನ್‌ವರೆಗೆ ತಡೆಯಬೇಕು. ಬೀಳುವಾಗ ಹೆಲ್ಮೆಟ್ ಕಳಚಿಕೊಳ್ಳದಿರಲಿ ಅಂತ. ಕಿಂಡಿ ಜಾಸ್ತಿ ಇರುವ ಚೆಂದದ ಹೆಲ್ಮೆಟ್‌ಗಳಲ್ಲಿ ಎಷ್ಟೋ ಈ ಎರಡನೇ ಜಾತಿಯವು. ಅದರ ಮೇಲೆ ಸೈಟಿನ ಮಾನದಂಡದ ಗುರುತೂ ಇದೆಯೇ ಅಂತ ಓದಿಕೊಂಡೇ ಕೊಳ್ಳಿ.

ಗುರುತು ಮತ್ತು ತಾರೀಖು

ನಮ್ಮಲ್ಲಿ ಕಾರ್ಖಾನೆ, ಕಟ್ಟಡ ಕೆಲಸದ ಹೆಲ್ಮೆಟ್‌ಗೆ ಇರುವ ಮಾನದಂಡ ಐಎಸ್ 2925. ಬೈಕ್ ಹೆಲ್ಮೆಟ್‌ಗೆ ಐಎಸ್ 4151, ಅದು ಬೇರೆಯದೇ ಲೆಕ್ಕ, ಸೈಟಿಗೆ ಬೇಡ. ಐಎಸ್‌ಐ ಗುರುತಿನ ಜೊತೆಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸ್ ಯಾರದು, ಈಗಲೂ ನಡೆಯುತ್ತಿದೆಯೇ ಅಂತ ತಿಳಿಯುತ್ತದೆ. ಅಂಗಡಿಯಲ್ಲೇ ನಿಂತು ನೋಡಬಹುದು.

ಆಮೇಲೆ ಹೆಲ್ಮೆಟ್ ತಿರುಗಿಸಿ, ಅಂಚಿನ ಕೆಳಗೆ ನೋಡಿ. ಪ್ಲಾಸ್ಟಿಕ್‌ನಲ್ಲೇ ಅಚ್ಚಾದ ಒಂದು ಸಣ್ಣ ವೃತ್ತ ಇರುತ್ತದೆ. ಸುತ್ತ 1ರಿಂದ 12, ನಡುವೆ ಬಾಣ, ಬಾಣದ ಎರಡೂ ಬದಿ ಒಂದೊಂದು ಅಂಕಿ. ಬಾಣ 3ರ ಕಡೆ ತೋರಿಸಿ, ಬದಿಯಲ್ಲಿ 2 ಮತ್ತು 4 ಇದ್ದರೆ 2024ರ ಮಾರ್ಚ್‌ನಲ್ಲಿ ಅಚ್ಚಾದದ್ದು. ಬಿಸಿಲು ಪ್ಲಾಸ್ಟಿಕ್ಕನ್ನು ಒಳಗೊಳಗೇ ತಿನ್ನುತ್ತದೆ. ಒಳಗಿನ ಪಟ್ಟಿಗಳನ್ನು ವರ್ಷಕ್ಕೊಮ್ಮೆ, ಚಿಪ್ಪನ್ನು ಎರಡರಿಂದ ಐದು ವರ್ಷದೊಳಗೆ ಬದಲಿಸಿ ಅನ್ನುವುದು ಕಂಪನಿಗಳ ಸಾಮಾನ್ಯ ಸಲಹೆ. ದಿನವಿಡೀ ಬಿಸಿಲಲ್ಲೇ ಇರುವ ಹೆಲ್ಮೆಟ್‌ಗೆ ಎರಡರ ಹತ್ತಿರವೇ ಲೆಕ್ಕ ಹಿಡಿಯಿರಿ. ಚಿಪ್ಪಿನ ಹೊಳಪು ಹೋಗಿ ಸೀಮೆಸುಣ್ಣದಂಥ ಪುಡಿ ಬೆರಳಿಗೆ ಅಂಟಿದರೆ ತಾರೀಖಿಗೂ ಕಾಯಬೇಡಿ. ಕಿಂಡಿ ಇರುವ ಚಿಪ್ಪಿನಲ್ಲಿ ಪ್ರತಿ ಕಿಂಡಿಯ ಅಂಚಿನ ಮೇಲೂ ಬೆರಳಾಡಿಸಿ. ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಅವತ್ತೇ ಬೇರೆಯದು ಕೊಡಿಸಿ, ಅದರ ದುಡ್ಡನ್ನು ಕಾರ್ಮಿಕರ ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ.