ಹಸಿವು ರುಚಿ ಅರಿಯದು, ಚಪಲ ಅರಿಯುತ್ತದೆ

ಚೆನ್ನಾಗಿ ಬೆವರು ಹರಿಯುವ ಹಾಗೆ ಓಡಿ ಬಂದವರಿಗೆ ತಕ್ಷಣ ಹಸಿವಾಗುವುದಿಲ್ಲ. ಗಮನಿಸಿದ್ದೀರಾ? ನೀರು ಬೇಕು ಅನ್ನಿಸುತ್ತದೆ, ತಿಂಡಿ ಆಮೇಲೆ ನೋಡೋಣ ಅನ್ನಿಸುತ್ತದೆ. ಹಸಿವು ಬರುವುದು ತಡವಾಗಿ. ಹನ್ನೊಂದು ಗಂಟೆಗೆ ಕೆಲಸದಲ್ಲಿ ಕೂತಾಗ ಹೊಟ್ಟೆ ಚುರುಗುಟ್ಟುತ್ತದೆ. ಸಂಜೆ ಮನೆಗೆ ಬಂದರೆ ಕೈ ಸೀದಾ ಕೋಡುಬಳೆ ಡಬ್ಬಿಗೆ ಹೋಗುತ್ತದೆ. ವ್ಯಾಯಾಮ ಶುರು ಮಾಡಿದ ಎರಡನೇ ವಾರ ನನಗೆ ಆದದ್ದೂ ಇದೇ. ‘ನನ್ನ ಮನಸ್ಸು ಗಟ್ಟಿ ಇಲ್ಲ, ಇದೆಲ್ಲ ನನ್ನಿಂದ ಆಗಲ್ಲ’ ಅಂತ ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ. ಅವರಿಗೆ ಒಂದು ಮಾತು ಹೇಳಬೇಕು. ಇದು ಮನಸ್ಸಿನ ಸೋಲಲ್ಲ, ಹೊಟ್ಟೆ ಮತ್ತು ಮೆದುಳಿನ ನಡುವೆ ನಡೆಯುವ ಮಾತುಕತೆ.

ಆ ಮಾತುಕತೆಯಲ್ಲಿ ಮುಖ್ಯವಾದ ಒಂದು ದನಿ ಘ್ರೆಲಿನ್. 1999ರಲ್ಲಿ ಜಪಾನಿನ ಮಸಾಯಸು ಕೊಜಿಮಾ, ಕೆಂಜಿ ಕಂಗಾವಾ ಮತ್ತು ಅವರ ತಂಡದವರು ಇದನ್ನು ಇಲಿಯ ಜಠರದಲ್ಲಿ ಕಂಡುಹಿಡಿದರು. ಹೊಟ್ಟೆ ಖಾಲಿಯಾದಾಗ ಜಠರ ಈ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಮೆದುಳಿಗೆ ‘ಊಟದ ಹೊತ್ತಾಯಿತು’ ಅಂತ ತಿಳಿಸುತ್ತದೆ. ಜೋರಾಗಿ ವ್ಯಾಯಾಮ ಮಾಡುವಾಗ ಘ್ರೆಲಿನ್ ಸ್ವಲ್ಪ ಹೊತ್ತು ಇಳಿಯುತ್ತದೆ. ಜೊತೆಗೆ ‘ಹೊಟ್ಟೆ ತುಂಬಿದೆ, ಸಾಕು’ ಅನ್ನುವ ಪಿವೈವೈ, ಜಿಎಲ್‌ಪಿ-1 ಎಂಬ ಹಾರ್ಮೋನುಗಳು ಏರುತ್ತವೆ. ಈಗ ತೂಕ ಇಳಿಸಲು ಕೊಡುವ ಇಂಜೆಕ್ಷನ್‌ಗಳು ಅನುಕರಿಸುವುದು ಇದೇ ಜಿಎಲ್‌ಪಿ-1 ಅನ್ನು. 2022ರಲ್ಲಿ ಇನ್ನೊಂದು ಅಣು ಸುದ್ದಿಗೆ ಬಂತು. ದಣಿದ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟೇಟ್, ಫಿನೈಲ್ ಅಲನಿನ್ ಎಂಬ ಅಮೈನೋ ಆಮ್ಲದ ಜೊತೆ ಸೇರಿ ‘ಲ್ಯಾಕ್-ಫೆ’ ಆಗುತ್ತದೆ. ಇದನ್ನು ಕೊಟ್ಟಾಗ ದಪ್ಪ ಇಲಿಗಳು ಕಡಿಮೆ ತಿಂದವು. ಓಡಿದ ಮನುಷ್ಯರ ರಕ್ತದಲ್ಲೂ, ರೇಸ್ ಕುದುರೆಗಳ ರಕ್ತದಲ್ಲೂ ಅದು ಸಿಕ್ಕಿತು.

ಆದರೆ ಈ ಬ್ರೇಕು ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ವ್ಯಾಯಾಮ ಮುಗಿದ ಸ್ವಲ್ಪ ಹೊತ್ತಿಗೆಲ್ಲ ಘ್ರೆಲಿನ್ ಮೊದಲಿನ ಮಟ್ಟಕ್ಕೆ ಬರುತ್ತದೆ. ಆಗ ಮೆದುಳು ಇನ್ನೊಂದು ವಾದ ಹೂಡುತ್ತದೆ: ‘ಇವತ್ತು ಇಷ್ಟು ಕಷ್ಟಪಟ್ಟೆಯಲ್ಲ, ಒಂದು ಮಸಾಲೆ ದೋಸೆ ತಿಂದರೆ ಏನಾಯ್ತು?’ ಲೆಕ್ಕ ಹಾಕಿ ನೋಡಿ. 60 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 100 ಕ್ಯಾಲೊರಿ. ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆಯಲ್ಲಿ ಅದರ ಮೂರು-ನಾಲ್ಕು ಪಟ್ಟು ಇರುತ್ತದೆ. ದೋಸೆ ತಿನ್ನಬಾರದು ಅಂತಲ್ಲ. ಅದನ್ನು ನಡಿಗೆಯ ಸಂಬಳ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ, ಅಷ್ಟೇ.

ಈ ಲೆಕ್ಕ ಎಲ್ಲರಿಗೂ ಒಂದೇ ರೀತಿ ತಪ್ಪುವುದಿಲ್ಲ ಅನ್ನುವುದೂ ಮುಖ್ಯ. ಬ್ರಿಟನ್ನಿನಲ್ಲಿ ನೀಲ್ ಕಿಂಗ್ ಮತ್ತು ಸಂಗಡಿಗರು 35 ಜನರಿಂದ 12 ವಾರ ಕಣ್ಣೆದುರೇ ವ್ಯಾಯಾಮ ಮಾಡಿಸಿದರು. ಸರಾಸರಿ ಇಳಿದ ತೂಕ 3.7 ಕಿಲೋ. ಆದರೆ ಒಬ್ಬರು 14.7 ಕಿಲೋ ಇಳಿದರು, ಇನ್ನೊಬ್ಬರು 1.7 ಕಿಲೋ ಏರಿದರು! ವ್ಯಾಯಾಮ ಎಲ್ಲರದೂ ಅಷ್ಟೇ. ಕಡಿಮೆ ಇಳಿದವರು ದಿನಕ್ಕೆ ಇನ್ನಷ್ಟು ತಿನ್ನುತ್ತಿದ್ದರು. ಪಕ್ಕದ ಮನೆಯವರ ಜೊತೆ ಹೋಲಿಸಿಕೊಂಡು ಕೊರಗುವವರಿಗೆ ಇದನ್ನು ತೋರಿಸಬೇಕು ಅನ್ನಿಸುತ್ತದೆ.

ಹಾಗಾದರೆ ಸುಮ್ನೆ ಕೂತಿರುವುದೇ ವಾಸಿ ಅಲ್ವಾ? ಅಲ್ಲ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿದೆ. ಪಶ್ಚಿಮ ಬಂಗಾಳದ ಚೆಂಗೈಲ್‌ನಲ್ಲಿ ಒಂದು ಸೆಣಬಿನ ಗಿರಣಿ. ಹಾರ್ವರ್ಡ್‌ನ ಜೀನ್ ಮೇಯರ್, ಪೂರ್ಣಿಮಾ ರಾಯ್ ಮತ್ತು ಕೆ. ಪಿ. ಮಿತ್ರ ಅಲ್ಲಿನ 213 ಜನರ ಊಟ, ತೂಕ, ಕೆಲಸ ಮೂರನ್ನೂ ಅಳೆದು 1956ರಲ್ಲಿ ಪ್ರಕಟಿಸಿದರು. ದಿನವಿಡೀ ಅಂಗಡಿಯಲ್ಲಿ ಕೂತಿರುವವರು, ಗುಮಾಸ್ತರು, ನೇಕಾರರು, ಬೂದಿ ಹೊರುವವರು, ಕಲ್ಲಿದ್ದಲು ಹೊರುವವರು ಹೀಗೆ ಎಲ್ಲ ಬಗೆಯವರೂ ಅದರಲ್ಲಿದ್ದರು. ಹಗುರ ಕೆಲಸದಿಂದ ಭಾರಿ ಕೆಲಸದವರೆಗೆ ಹೋದ ಹಾಗೆ ಜನ ಜಾಸ್ತಿ ತಿನ್ನುತ್ತಿದ್ದರು, ಆದರೆ ತೂಕ ಹೆಚ್ಚು ಕಡಿಮೆ ಒಂದೇ ಇತ್ತು. ದುಡಿದಷ್ಟೇ ಹಸಿವು. ಅಚ್ಚರಿ ಇದ್ದದ್ದು ಇನ್ನೊಂದು ತುದಿಯಲ್ಲಿ. ಏನೂ ಓಡಾಡದೆ ಕೂತವರು ಹಗುರ ಕೆಲಸದವರಿಗಿಂತ ಜಾಸ್ತಿ ತಿನ್ನುತ್ತಿದ್ದರು, ಅವರ ತೂಕವೂ ಜಾಸ್ತಿ. ಅವರ ಸಂಪಾದನೆ, ಮನೆಯ ಊಟದ ರೀತಿ ಬೇರೆ ಇದ್ದಿರಬಹುದು ಅನ್ನುವುದು ನಿಜ. ಆದರೂ ಈ ಸಂಶೋಧನೆಯಿಂದ ಹೊರಟ ವಿಚಾರ ಇವತ್ತಿಗೂ ಗಟ್ಟಿಯಾಗಿದೆ: ಮೈ ಅಲುಗಾಡದಿದ್ದರೆ ಹಸಿವಿನ ತಕ್ಕಡಿಯೇ ಸರಿಯಾಗಿ ತೂಗುವುದಿಲ್ಲ.

ತಕ್ಕಡಿ ಮತ್ತೆ ಸರಿಯಾಗಲು ಸಮಯ ಬೇಕು. ಕಿಂಗ್ ಅವರ ಇನ್ನೊಂದು 12 ವಾರಗಳ ಅಧ್ಯಯನದಲ್ಲಿ ಖಾಲಿ ಹೊಟ್ಟೆಯ ಹಸಿವು ಹೆಚ್ಚಿತು. ಆದರೆ ಅಷ್ಟೇ ತಿಂಡಿಗೆ ಹೊಟ್ಟೆ ತುಂಬಿದ ಭಾವನೆಯೂ ಹೆಚ್ಚಿತು. ಎರಡನೇ ವಾರದಲ್ಲಿ ಬಿಟ್ಟವರಿಗೆ ಮೊದಲನೆಯದಷ್ಟೇ ಕಾಣಬಹುದು, ಎರಡನೆಯದು ಸಿಗುವ ಮೊದಲೇ ಅವರು ಹೊರಟುಹೋಗಿರುತ್ತಾರೆ.

ಅಲ್ಲಿಯವರೆಗೆ ಏನು ಮಾಡುವುದು? ‘ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು’ ಅನ್ನುತ್ತಾರೆ ನಮ್ಮ ಹಿರಿಯರು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಡಬ್ಬಿಗೆ ಕೈ ಹಾಕುವ ಮುಂಚೆ ಕೇಳಿಕೊಳ್ಳಿ: ಈಗ ಮಧ್ಯಾಹ್ನದ ಅನ್ನ ಸಾರು ಕೊಟ್ಟರೆ ತಿನ್ನುತ್ತೇನಾ? ತಿನ್ನುತ್ತೇನೆ ಅಂದರೆ ಅದು ಹಸಿವು. ಊಟ ಮಾಡಿ, ತಡೆಹಿಡಿಯಬೇಡಿ. ಅನ್ನ ಸಾರು ಬೇಡ, ಮೈಸೂರು ಪಾಕೇ ಬೇಕು ಅಂದರೆ ಅದು ಬಾಯಿಚಪಲ. ಹೊಟ್ಟೆಗೆ ಅದರಲ್ಲಿ ಪಾತ್ರ ಕಡಿಮೆ, ಮೆದುಳು ಹಳೆಯ ಸುಖವನ್ನು ನೆನೆಯುತ್ತಿದೆ.

ಚಪಲಕ್ಕೆ ನಡಿಗೆಯೇ ಮದ್ದಾಗಬಲ್ಲದು. ಎಕ್ಸಿಟರ್ ವಿಶ್ವವಿದ್ಯಾಲಯದ ಏಡ್ರಿಯನ್ ಟೇಲರ್ ಮತ್ತು ಸಂಗಡಿಗರು ಚಾಕಲೇಟ್ ಪ್ರಿಯರನ್ನು 15 ನಿಮಿಷ ಬಿರುಸಾಗಿ ನಡೆಸಿದಾಗ ಅವರ ಆಸೆ ಇಳಿಯಿತು. ಚಪಲ ಅಲೆಯ ಹಾಗೆ, ಏರಿ ಇಳಿಯುತ್ತದೆ. ಆ ಹೊತ್ತಿಗೆ ಚಪ್ಪಲಿ ಮೆಟ್ಟಿ ಬೀದಿಯ ಒಂದು ಸುತ್ತು ಹಾಕಿ ಬಂದರೆ ಸಾಕು.

ನಿಜವಾದ ಹಸಿವಿಗೆ ಮಾತ್ರ ಊಟವೇ ಮದ್ದು. 1995ರಲ್ಲಿ ಸಿಡ್ನಿಯಲ್ಲಿ 38 ಆಹಾರಗಳನ್ನು ಒಂದೇ ಕ್ಯಾಲೊರಿ ಲೆಕ್ಕದಲ್ಲಿ ತಿನ್ನಿಸಿ, ಯಾವುದು ಹೆಚ್ಚು ಹೊತ್ತು ಹೊಟ್ಟೆ ತುಂಬಿಸುತ್ತದೆ ಅಂತ ನೋಡಿದರು. ಗೆದ್ದದ್ದು ಬೇಯಿಸಿದ ಆಲೂಗಡ್ಡೆ. ಎಲ್ಲಕ್ಕಿಂತ ಕೆಳಗೆ ಬೆಣ್ಣೆ ತುಂಬಿದ ಕ್ರೊಸಾನ್ ಬನ್. ನೀರು, ನಾರು, ಪ್ರೋಟೀನ್ ಇರುವ ಆಹಾರ ಹೊಟ್ಟೆಯಲ್ಲಿ ನಿಲ್ಲುತ್ತದೆ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಬರವೇ ಇಲ್ಲ. ಹೆಸರುಬೇಳೆ ಕೋಸಂಬರಿ, ಹುರುಳಿಕಾಳು ಬಸ್ಸಾರು, ಉಸಲಿ, ಮಜ್ಜಿಗೆ, ಮೊಟ್ಟೆ ತಿನ್ನುವವರಿಗೆ ಮೊಟ್ಟೆ. ನಾನು ಮಾಡಿದ ಒಂದೇ ಬದಲಾವಣೆ ಅಂದರೆ ಸಂಜೆ ನಾಲ್ಕಕ್ಕೇ ಒಂದು ಬಟ್ಟಲು ಕಡಲೆಕಾಳು ಉಸಲಿ. ಆರು ಗಂಟೆಯ ಕೋಡುಬಳೆ ಡಬ್ಬಿ ತಾನಾಗಿಯೇ ಸುಮ್ಮನಾಯಿತು.

ಗಾದೆಯ ಎರಡನೇ ಅರ್ಧವನ್ನೂ ಮರೆಯಬಾರದು. ಬೆಳಿಗ್ಗೆ ಐದಕ್ಕೆ ಎದ್ದು ಓಡಬೇಕು ಅಂತ ನಿದ್ದೆ ಕತ್ತರಿಸುವವರು ಬಹಳ. 2004ರಲ್ಲಿ ಶಿಕಾಗೋದಲ್ಲಿ 12 ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಹಾಸಿಗೆಯಲ್ಲಿ ಬಿಟ್ಟರು. ಹತ್ತು ಗಂಟೆ ಮಲಗಲು ಬಿಟ್ಟಾಗ ಇದ್ದದ್ದಕ್ಕಿಂತ ಘ್ರೆಲಿನ್ 28% ಜಾಸ್ತಿಯಾಗಿತ್ತು, ಸಿಹಿ ಮತ್ತು ಉಪ್ಪಿನ ತಿಂಡಿಯ ಆಸೆಯೂ ಏರಿತ್ತು. ಬೇಗ ಏಳುವುದಾದರೆ ಬೇಗ ಮಲಗಲೇಬೇಕು.

ಕೊನೆಗೆ ಒಂದು ಎಚ್ಚರ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತಗೊಳ್ಳುವವರಿಗೆ ವ್ಯಾಯಾಮದ ವೇಳೆ ಕೈ ನಡುಗಿ, ತಣ್ಣನೆ ಬೆವರು ಬಂದು, ತಡೆಯಲಾರದ ಹಸಿವಾದರೆ ಅದು ಚಪಲ ಅಲ್ಲ. ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಆಗ ಯಾವ ಪರೀಕ್ಷೆಯೂ ಬೇಡ, ತಕ್ಷಣ ಸಕ್ಕರೆ ಅಥವಾ ಗ್ಲುಕೋಸ್ ಬಾಯಿಗೆ ಹಾಕಿಕೊಳ್ಳಬೇಕು. ಅಂಥವರು ವ್ಯಾಯಾಮ ಶುರು ಮಾಡುವ ಮುಂಚೆ ಡಾಕ್ಟರನ್ನು ಒಮ್ಮೆ ಕೇಳಲಿ, ದಿನಾ ಹೊರಡುವಾಗ ಜೇಬಿನಲ್ಲಿ ಒಂದು ಪೊಟ್ಟಣ ಗ್ಲುಕೋಸ್ ಇರಲಿ.