ದಿನಾ ರೊಟ್ಟಿ ತಿನ್ನೋರಿಗೆ ಕರುಳಿನ ಕ್ಯಾನ್ಸರ್ ತಪಾಸಣೆ ಯಾಕೆ?

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನನಗೀಗ 52. ಎರಡೂ ಹೊತ್ತು ಬಿಳಿಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಉಳ್ಳಾಗಡ್ಡಿ, ಸವತಿಕಾಯಿ. ಮಾಂಸ ಮುಟ್ಟಂಗಿಲ್ಲ. ಹೊಟ್ಟಿ ದಿನಾ ಸಾಫ್ ಆಗ್ತೈತಿ. ಆದರೂ ಮಗ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ ಮಾಡಿಸ್ಕೋ ಅಂತ ಗಂಟುಬಿದ್ದಾನ. ನನ್ನಂಥವರಿಗೂ ಅದು ಬೇಕೇನ್ರಿ?

ಉತ್ತರ: ಮತ್ತೆ ಅದೇ ಪ್ರಶ್ನೆ! ಜಮಖಂಡಿ, ಇಂಡಿ, ಗೋಕಾಕ, ಸವದತ್ತಿ. ಊರು ಬೇರೆ, ಪಲ್ಯ ಬೇರೆ, ಪ್ರಶ್ನೆ ಮಾತ್ರ ಒಂದೇ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಓದಲು ಕೊಟ್ಟುಬಿಡಿ.

ಮೊದಲು ನೇರ ಉತ್ತರ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಯುರೋಪ್, ಅಮೆರಿಕಕ್ಕಿಂತ ಕಡಿಮೆ. ಸರ್ಕಾರಿ ತಪಾಸಣೆ ಕೂಡ ಬಾಯಿ, ಸ್ತನ, ಗರ್ಭಕಂಠ ಈ ಮೂರು ಕ್ಯಾನ್ಸರ್‌ಗಳಿಗೆ ಮಾತ್ರ ಇದೆ. ಹಾಗಾಗಿ ನಿಮ್ಮ ಮನೆಗೆ ಬಂದು ಯಾರೂ ಇದಕ್ಕೆ ಕರೆಯುವುದಿಲ್ಲ. ಆದರೆ 52 ಆಗಿದೆ ಅಂದಮೇಲೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಪರೀಕ್ಷೆಯ ಬಗ್ಗೆಯಾದರೂ ವೈದ್ಯರ ಹತ್ತಿರ ಮಾತಾಡಿ. ಅಮೆರಿಕದಲ್ಲಿ ತಪಾಸಣೆ ಶುರುಮಾಡುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದರು. ರೊಟ್ಟಿ ಬಿಡಬೇಡಿ. ರೊಟ್ಟಿ ತಿಂದೆ, ಇನ್ನು ತಪಾಸಣೆ ಬೇಡ ಅನ್ನಲೂಬೇಡಿ.

ಉತ್ತರ ಇಲ್ಲಿಗೇ ಮುಗಿಯಬಹುದಿತ್ತು. ಮುಗಿಯಲ್ಲ. ಯಾಕೆಂದರೆ ಓಪಿಡಿಯಲ್ಲಿ ಇಷ್ಟು ಹೇಳಿದ ಕೂಡಲೇ ಎದುರಿನಿಂದ ಬರುವ ಮಾತು ಇದು: "ಅಲ್ರೀ, ನಾರು ತಿಂದ್ರ ಅದು ಬರಂಗಿಲ್ಲ ಅಂತಾರಲ್ರೀ?"

ಈ ನಂಬಿಕೆ ಊರ ಕಟ್ಟೆಯ ಮೇಲೆ ಹುಟ್ಟಿದ್ದಲ್ಲ. ಇದರ ಹಿಂದೆ ಒಬ್ಬ ದೊಡ್ಡ ಡಾಕ್ಟರೇ ಇದ್ದಾರೆ. ಡೆನಿಸ್ ಬರ್ಕಿಟ್ ಅಂತ, ಐರ್ಲೆಂಡಿನ ಸರ್ಜನ್. ಉಗಾಂಡಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಮಕ್ಕಳ ದವಡೆಯಲ್ಲಿ ಕಾಣಿಸಿಕೊಳ್ಳುವ ಒಂದು ಕ್ಯಾನ್ಸರ್‌ಗೆ ಅವರದೇ ಹೆಸರಿದೆ. ಆಫ್ರಿಕಾದ ಹಳ್ಳಿಯ ಜನ ನಾರಿನ ಊಟ ಜಾಸ್ತಿ ಮಾಡುತ್ತಾರೆ, ಮಲ ಜಾಸ್ತಿ ಬರುತ್ತದೆ, ಬೇಗ ಹೊರಗೆ ಹೋಗುತ್ತದೆ, ದೊಡ್ಡ ಕರುಳಿನ ಕ್ಯಾನ್ಸರ್ ಅವರಲ್ಲಿ ಅಪರೂಪ ಅಂತ ಅವರು ಗಮನಿಸಿದರು. ಈ ವಾದವನ್ನು 1971ರಲ್ಲಿ ಪ್ರಕಟಿಸಿದರು. ಅಲ್ಲಿಂದ ನಾರಿನ ಮಾತು ಜಗತ್ತೆಲ್ಲ ಹಬ್ಬಿತು.

ಗಮನಿಸಿದ್ದು ಸುಳ್ಳಲ್ಲ. ಆದರೆ ಆ ಹಳ್ಳಿಗೂ ಲಂಡನ್‌ಗೂ ವ್ಯತ್ಯಾಸ ಬರೀ ನಾರಿನದ್ದಾ? ಆ ಜನ ದಿನಪೂರ್ತಿ ದುಡಿಯುತ್ತಿದ್ದರು. ಅವರಲ್ಲಿ ಬೊಜ್ಜು ಕಡಿಮೆ. ವಯಸ್ಸಾದವರೂ ಕಡಿಮೆ, ಈ ಕ್ಯಾನ್ಸರ್ ಜಾಸ್ತಿ ಬರುವುದೇ ವಯಸ್ಸಾದವರಿಗೆ. ಬಂದರೂ ಒಳಗೆ ನೋಡಿ ಹೆಸರಿಡುವ ಆಸ್ಪತ್ರೆ ಹತ್ತಿರ ಇರಲಿಲ್ಲ. ಇಷ್ಟೆಲ್ಲ ಬೇರೆಯಾಗಿರುವಾಗ ಬಹುಮಾನವನ್ನು ನಾರಿಗೊಬ್ಬನಿಗೇ ಕೊಟ್ಟರೆ ಹೇಗೆ?

ಹಾಗಾಗಿ ಪರೀಕ್ಷೆ ಮಾಡಿ ನೋಡಿದರು. ಅಮೆರಿಕದಲ್ಲಿ ಕರುಳಿನ ಪಾಲಿಪ್, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟು, ತೆಗೆಸಿಕೊಂಡಿದ್ದ ಸುಮಾರು 2,000 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೊಬ್ಬು ಕಡಿಮೆ, ನಾರು, ಹಣ್ಣು, ತರಕಾರಿ ಜಾಸ್ತಿ ಇರುವ ಊಟ. ಇನ್ನೊಂದು ಗುಂಪಿಗೆ ಎಂದಿನ ಊಟ. ನಾಲ್ಕು ವರ್ಷ ಕಾದರು. 2000ನೇ ಇಸವಿಯಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನಲ್ಲಿ ಹೊಸ ಪಾಲಿಪ್ ಬಂದವರು ಹೆಚ್ಚುಕಡಿಮೆ ಸಮ, ನೂರಕ್ಕೆ 40ರಷ್ಟು. ಅದೇ ವರ್ಷ ಗೋಧಿ ತೌಡು ಕೊಟ್ಟು ಮಾಡಿದ ಇನ್ನೊಂದು ಪ್ರಯೋಗದ ಕಥೆಯೂ ಇದೇ.

ಹಾಗಾದರೆ ನಾರು ವ್ಯರ್ಥವಾ? ಅದೂ ಅಲ್ಲ. ನಾಲ್ಕು ವರ್ಷ ಸಾಲದೇನೋ. ಯುರೋಪಿನ 10 ದೇಶಗಳ 5 ಲಕ್ಷ ಜನರನ್ನು ಗಮನಿಸಿದ ಅಧ್ಯಯನ 2003ರಲ್ಲಿ ನಾರು ಹೆಚ್ಚು ತಿನ್ನುವವರಲ್ಲಿ ಈ ಕ್ಯಾನ್ಸರ್ ಕಡಿಮೆ ಅಂತ ತೋರಿಸಿತು. ಇಂಥ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಸಿಕ್ಕ ಲೆಕ್ಕ ಇದು: ದಿನಕ್ಕೆ 10 ಗ್ರಾಂ ನಾರು ಹೆಚ್ಚಾದರೆ ಅಪಾಯ ಸುಮಾರು ಶೇ 10 ಇಳಿಯುತ್ತದೆ. ನಮ್ಮ ಜೋಳಕ್ಕೆ ಇಲ್ಲಿ ಹೆಮ್ಮೆಪಡಲು ಜಾಗವಿದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ.

ಆದರೆ ಶೇ 10 ಅಂದರೇನು, ಕೂತು ಲೆಕ್ಕ ಹಾಕಿ. ನೂರು ಜನಕ್ಕೆ ಬರಬೇಕಿದ್ದ ಕಡೆ ತೊಂಬತ್ತು ಜನಕ್ಕೆ ಬರುತ್ತದೆ. ಆ ತೊಂಬತ್ತರಲ್ಲಿ ನೀವಿಲ್ಲ ಅಂತ ರೊಟ್ಟಿ ಬರೆದುಕೊಡುತ್ತಾ?

ಇನ್ನು "ದಿನಾ ರೊಟ್ಟಿ" ಅನ್ನುವ ಮಾತು. ಹಾಗನ್ನುವ ಎಷ್ಟೋ ಜನರ ದಿನ ನಿಜಕ್ಕೂ ಹೀಗಿರುತ್ತದೆ: ಬೆಳಿಗ್ಗೆ ಉಪ್ಪಿಟ್ಟು, ಹತ್ತಕ್ಕೆ ಚಹಾ ಜೊತೆ ಖಾರಿ, ಸಂಜೆ ಮಿರ್ಚಿ ಭಜಿ, ರಾತ್ರಿ ಅನ್ನ. ನಡುವೆ ಮಧ್ಯಾಹ್ನ ಎರಡು ರೊಟ್ಟಿ. ಹೊಲಕ್ಕೆ ಹೋಗಲೂ ಬೈಕ್. ರೊಟ್ಟಿಯ ಲೆಕ್ಕ ಹೇಳುವವರು ಬೀಡಿ, ಕುಡಿತದ ಲೆಕ್ಕ ಮಾತ್ರ ಹೇಳಲ್ಲ. ಅವೆರಡೂ ಈ ಕ್ಯಾನ್ಸರ್‌ಗೆ ದಾರಿ ಮಾಡುತ್ತವೆ. ಬೊಜ್ಜೂ ಅಷ್ಟೇ. ಮಾಂಸ ತಿನ್ನದಿರುವುದರಿಂದ ಒಂದಿಷ್ಟು ಲಾಭವಿದೆ, ಒಪ್ಪುತ್ತೇನೆ. ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದೆ. ಒಂದು ಕಾರಣ ತಪ್ಪಿತು, ಅಷ್ಟೇ. ವಯಸ್ಸನ್ನು ತಪ್ಪಿಸಿಕೊಳ್ಳುವುದು ಹೇಗೆ?

"ಹೊಟ್ಟಿ ಸಾಫ್ ಆಗ್ತೈತಿ" ಅನ್ನುವುದನ್ನೂ ಬಿಡುವಂತಿಲ್ಲ. ಈ ಕ್ಯಾನ್ಸರ್ ಬಹುಪಾಲು ಶುರುವಾಗುವುದು ಪಾಲಿಪ್‌ನಿಂದ. ಕರುಳಿನ ಒಳಗೋಡೆಯ ಮೇಲೆ ಅಣಬೆಯಂತೆ ಏಳುವ ಸಣ್ಣ ಗಂಟು ಅದು. ನೋಯಲ್ಲ, ಮಲ ತಡೆಯಲ್ಲ. ಹೆಚ್ಚಿನವು ಕ್ಯಾನ್ಸರ್ ಆಗುವುದೂ ಇಲ್ಲ. ಆಗುವವು ಸಾಮಾನ್ಯವಾಗಿ ಹತ್ತು ವರ್ಷವೋ ಅದಕ್ಕಿಂತ ಹೆಚ್ಚೋ ತೆಗೆದುಕೊಳ್ಳುತ್ತವೆ. ಅಷ್ಟೂ ವರ್ಷ ನಿಮ್ಮ ಹೊಟ್ಟೆ ಸಾಫೇ ಇರಬಹುದು.

ಇಂಗ್ಲೆಂಡಿನ ಸಂಶೋಧಕಿ ವೆಂಡಿ ಅಟ್ಕಿನ್ ಹಿಡಿದದ್ದು ಈ ಹತ್ತು ವರ್ಷದ ಸಂದನ್ನೇ. ಪಾಲಿಪ್ ಇಷ್ಟು ನಿಧಾನವಾಗಿ ಬೆಳೆಯುವುದಾದರೆ, ಸರಿಯಾದ ವಯಸ್ಸಿನಲ್ಲಿ ಒಂದೇ ಒಂದು ಸಲ ಗಿಡ್ಡ ಕೊಳವೆ ಹಾಕಿ ಕರುಳಿನ ಕೊನೆಯ ಭಾಗ ನೋಡಿ, ಸಿಕ್ಕಿದ್ದನ್ನು ಕತ್ತರಿಸಿದರೆ ಸಾಕಲ್ಲವಾ? 55ರಿಂದ 64 ವರ್ಷದ ಸುಮಾರು 1,70,000 ಜನರ ಮೇಲೆ ಇದನ್ನು ಪರೀಕ್ಷಿಸಿದರು. 2010ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕ್ಯಾನ್ಸರ್ ಮೂರನೇ ಒಂದರಷ್ಟು ಕಡಿಮೆಯಾಗಿತ್ತು, ಅದರಿಂದಾಗುವ ಸಾವು ಶೇ 43ರಷ್ಟು. 17 ವರ್ಷ ಕಳೆದರೂ ಲಾಭ ಉಳಿದಿತ್ತು ಅಂತ 2017ರಲ್ಲಿ ತೋರಿಸಿದರು. ಮರುವರ್ಷ ಅವರು ತೀರಿಕೊಂಡರು. ಅವರು ಯಾರ ತಟ್ಟೆಯನ್ನೂ ಬದಲಿಸಲಿಲ್ಲ ಅನ್ನುವುದನ್ನು ಗಮನಿಸಿ. ನೋಡಿದರು, ಕತ್ತರಿಸಿದರು.

ನಮ್ಮ ಕಡೆ ಸುಲಭದ್ದು ಫಿಟ್ ಅನ್ನುವ ಮಲಪರೀಕ್ಷೆ, ವರ್ಷಕ್ಕೊಮ್ಮೆ. ಅದು ಮನುಷ್ಯನ ರಕ್ತವನ್ನು ಮಾತ್ರ ಗುರುತಿಸುತ್ತದೆ, ಹಾಗಾಗಿ ಊಟದ ಪಥ್ಯವಿಲ್ಲ. ಪಾಸಿಟಿವ್ ಬಂದರೆ ಕ್ಯಾನ್ಸರ್ ಅಂತಲ್ಲ, ಆದರೆ ಕೊಲೊನೋಸ್ಕೋಪಿ, ಅಂದರೆ ಉದ್ದ ಕೊಳವೆ ಹಾಕಿ ಇಡೀ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ, ಬೇಕೇ ಬೇಕು. ನೆಗೆಟಿವ್ ಬರುವ ತನಕ ಬೇರೆ ಬೇರೆ ಲ್ಯಾಬ್ ಸುತ್ತಬೇಡಿ. ಕೊಲೊನೋಸ್ಕೋಪಿಗೆ ಮುಂಚೆ ಕರುಳು ತೊಳೆಯಲು ಔಷಧಿ ಕೊಡುತ್ತಾರೆ. ಅದಕ್ಕೂ ಮೊದಲು ಕೆಲವು ದಿನ ರೊಟ್ಟಿ, ಶೇಂಗಾ, ಅಗಸಿ ಚಟ್ನಿ ಎಲ್ಲ ಬಂದ್, ಮೆತ್ತಗಿನ ಬಿಳಿ ಅನ್ನ ಮಾತ್ರ. ರೊಟ್ಟಿ ಅಭಿಮಾನಿಗಳಿಗೆ ಇದೇ ದೊಡ್ಡ ಶಿಕ್ಷೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಯಾವ ತೊಂದರೆಯೂ ಇಲ್ಲದವರಿಗೆ. ಮಲದಲ್ಲಿ ರಕ್ತ, ಮಲದ ರೂಢಿಯಲ್ಲಿ ವಾರಗಟ್ಟಲೆ ಏರುಪೇರು, ಕಾರಣವಿಲ್ಲದ ರಕ್ತಹೀನತೆ, ತೂಕ ಇಳಿಯುವುದು ಇದ್ದರೆ 30ರ ವಯಸ್ಸಿಗೂ ಬಂದು ತೋರಿಸಿ. "ಮೂಲವ್ಯಾಧಿ ಇರಬೇಕು, ಉಷ್ಣ ಆಗೈತಿ" ಅಂತ ಮೂಲವ್ಯಾಧಿ ಚಿಕಿತ್ಸೆಯ ಬೋರ್ಡ್ ಕಂಡಲ್ಲೆಲ್ಲ ಒಳಗೆ ಹೋಗಬೇಡಿ. ಮೂಲವ್ಯಾಧಿ ಕ್ಯಾನ್ಸರ್ ಆಗಲ್ಲ. ಆದರೆ ಎರಡೂ ಒಬ್ಬರಲ್ಲೇ ಇರಬಹುದು.

ನೀವು ಕೇಳದ ಇನ್ನೊಂದು ವಿಷಯ. ಊಟದ ಪಟ್ಟಿ ಇಷ್ಟು ಉದ್ದ ಕೊಟ್ಟಿದ್ದೀರಿ, ಮನೆತನದ ಬಗ್ಗೆ ಒಂದು ಸಾಲೂ ಇಲ್ಲ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ನಿಮ್ಮ ಅಪಾಯ ಸುಮಾರು ಎರಡು ಪಟ್ಟು. ಆಗ 40ಕ್ಕೇ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಶುರುಮಾಡಬೇಕು. ಲಿಂಚ್ ಸಿಂಡ್ರೋಮ್ ಅಂತ ಒಂದಿದೆ, ಈ ಕ್ಯಾನ್ಸರ್‌ನ ಅಪಾಯ ಬಹಳ ಹೆಚ್ಚಿಸುವ, ವಂಶದಲ್ಲಿ ಇಳಿದು ಬರುವ ದೋಷ. ಅದು ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಆ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ.

ಮನೆಯಲ್ಲಿ ಯಾರಿಗೆ ಏನಾಗಿತ್ತು ಅಂತ ಕೇಳಿದರೆ ಸಿಗುವ ಉತ್ತರ "ಹೊಟ್ಟಿಬ್ಯಾನಿಲೆ ತೀರ್ಕೊಂಡ್ರು". ಯಾವ ಬೇನೆ, ಯಾವ ಅಂಗ? ಗೊತ್ತಿಲ್ಲ. ಮಿರಜಿನಲ್ಲಿ ಆಪರೇಷನ್ ಆಗಿತ್ತಂತೆ. ಮಗಳ ಮದುವೆಗೆ ಅಡ್ಡಿಯಾಗುತ್ತೆ ಅಂತ ಕ್ಯಾನ್ಸರ್ ಅನ್ನುವ ಹೆಸರನ್ನೇ ಬಾಯಿಬಿಡದ ಮನೆಗಳಿವೆ. ಆ ಅಂಜಿಕೆ ಅರ್ಥವಾಗುತ್ತದೆ. ಆದರೆ ತಪಾಸಣೆ ಆಗಬೇಕಿದ್ದ ತಮ್ಮನಿಗೂ ವಿಷಯ ಗೊತ್ತಿರಲ್ಲ ನೋಡಿ, ಅಲ್ಲಿ ನನಗೆ ಸಿಟ್ಟು ಬರುತ್ತದೆ. ಅಜ್ಜನ ಕಾಲದ ಹೊಲದ ಉತಾರ ಟ್ರಂಕಿನಲ್ಲಿ ಭದ್ರವಾಗಿರುತ್ತೆ, ಅಪ್ಪನ ಬಯಾಪ್ಸಿ ರಿಪೋರ್ಟ್ ರದ್ದಿಗೆ ಹೋಗಿರುತ್ತೆ.

ಕಾಗದ ಸಿಕ್ಕರೆ ತನ್ನಿ. ಸಿಗದಿದ್ದರೆ ಎರಡು ವಿಷಯ ಸಾಕು: ಯಾವ ಜಾಗದ ಕ್ಯಾನ್ಸರ್, ಆಗ ವಯಸ್ಸೆಷ್ಟು. ಕೇಳುವುದಾದರೆ ನಿಮ್ಮ ಸೋದರತ್ತೆಯನ್ನೋ ಹಿರಿಯ ಅಕ್ಕನನ್ನೋ ಕೇಳಿ. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದವರು ಅವರೇ ಆಗಿರುತ್ತಾರೆ.