ಅದೇ ಹೊಗೆ: ಮೇ ತಿಂಗಳಲ್ಲಿ ಏರುತ್ತದೆ, ಡಿಸೆಂಬರ್‌ನಲ್ಲಿ ಊರಲ್ಲೇ ಉಳಿಯುತ್ತದೆ

ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ನೆಲ್ಲು ವರ್ಷಕ್ಕೆರಡು ಸಲ ಕಟಾವಿಗೆ ಬರುತ್ತದೆ. ಮುಂಗಾರಿನದು ನವೆಂಬರ್-ಡಿಸೆಂಬರ್‌ಗೆ, ಎರಡನೇ ಬೆಳೆಗೆ ಕಾಲುವೆ ನೀರು ಸಿಕ್ಕ ವರ್ಷ ಬೇಸಿಗೆಯದು ಏಪ್ರಿಲ್-ಮೇಗೆ. ಹುಲ್ಲಿಗೆ ಬೆಂಕಿ ಬೀಳುವುದು ಎರಡೂ ಸಲ. ಆದರೆ ಉಬ್ಬಸದವರಿಗೆ ಹೆಚ್ಚು ಕಷ್ಟದ್ದು ಚಳಿಗಾಲದ ಬೆಂಕಿ. ಆಗ ಹೊಗೆಗೆ ಹೋಗಲು ದಾರಿಯೇ ಇರುವುದಿಲ್ಲ.

ಮೇ ತಿಂಗಳ ಮಧ್ಯಾಹ್ನ ಕಾದ ನೆಲ ಗಾಳಿಯನ್ನು ಎರಡು-ಮೂರು ಕಿಲೋಮೀಟರ್ ಎತ್ತರದವರೆಗೂ ಕಲಕುತ್ತದೆ. ಡಿಸೆಂಬರ್‌ನ ತಿಳಿ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿ ತಂಪಾಗಿ ಭಾರವಾಗುತ್ತದೆ. ಮೇಲಿನ ಬೆಚ್ಚನೆ ಗಾಳಿ ಅದರ ಮೇಲೆ ಮುಚ್ಚಳ ಹಾಕಿದಂತೆ ಕೂರುತ್ತದೆ. ಇದನ್ನು ತಿಳಿಯಲು ಯಂತ್ರ ಬೇಡ. ಸಂಜೆ ಹೊಲದ ಕಡೆ ನೋಡಿ: ಹೊಗೆ ಬೇವಿನ ಮರದೆತ್ತರ ನೆಟ್ಟಗೆ ಏರಿ, ಅಲ್ಲಿಂದ ಹಾಸಿಗೆಯಂತೆ ಅಡ್ಡ ಮಲಗಿದರೆ ಮುಚ್ಚಳ ಬಿದ್ದಿದೆ. ಸಂಜೆ ಹಚ್ಚಿದ್ದು ಮರುದಿನ ಬಿಸಿಲೇರುವವರೆಗೂ ಊರಲ್ಲೇ ಇರುತ್ತದೆ. ಇಬ್ಬನಿಗೆ ನೆನೆದ ಹುಲ್ಲು ಉರಿಯುವ ಬದಲು ಹೊಗೆಯಾಡುವುದರಿಂದ ಸಣ್ಣ ಕಣಗಳೂ ಹೆಚ್ಚು.

ರೈತರನ್ನು ಬೈದು ಉಪಯೋಗವಿಲ್ಲ. ಕಟಾವು ಯಂತ್ರ ಮೊಣಕಾಲುದ್ದದ ಕೂಳೆ ಬಿಟ್ಟು, ಹುಲ್ಲನ್ನು ಸಾಲಾಗಿ ಚೆಲ್ಲಿ ಹೋಗುತ್ತದೆ. ಮುಂದಿನ ನಾಟಿಗೆ ಇರುವುದು ಕೆಲವೇ ವಾರ. ಆದರೂ ಲೆಕ್ಕ ಗೊತ್ತಿರಬೇಕು. ಒಂದು ಟನ್ ಹುಲ್ಲಿನಲ್ಲಿ ಐದಾರು ಕೆಜಿ ಸಾರಜನಕವಿರುತ್ತದೆ, ಬೆಂಕಿಗೆ ಅದು ಬಹುಪಾಲು ಹೋಗುತ್ತದೆ. ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಗಾಳಿಗೋ ನೀರಿಗೋ ಕೊಚ್ಚಿಹೋಗಬಹುದು.

ಹುಲ್ಲನ್ನು ರೋಟವೇಟರ್‌ನಲ್ಲಿ ಮಣ್ಣಿಗೆ ಸೇರಿಸಿದವರು ಒಮ್ಮೆ ಕೈಸುಟ್ಟುಕೊಂಡು ಮತ್ತೆ ಬೆಂಕಿಗೆ ಮರಳುವುದುಂಟು, ಏಕೆಂದರೆ ನಾಟಿಯಾದ ಮೇಲೆ ಸಸಿ ಹಳದಿಯಾಗುತ್ತದೆ. ಅದು ರೋಗವಲ್ಲ. ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದಿಡುತ್ತವೆ. ನಾಟಿಗೆ ಕನಿಷ್ಠ ಮೂರು ವಾರ ಮೊದಲೇ ಸೇರಿಸಿ ತೇವ ಕಾಯ್ದುಕೊಂಡು, ಯೂರಿಯಾದ ಒಂದು ಪಾಲನ್ನು ಆಗಲೇ ಕೊಟ್ಟರೆ ಈ ತೊಂದರೆ ಬಹಳ ಕಡಿಮೆ. ಅಷ್ಟು ದಿನ ಇಲ್ಲದಿದ್ದರೆ ಬೇಲರ್ ತರಿಸಿ ಪೆಂಡಿ ಕಟ್ಟಿಸುವುದೇ ಸರಿ. ಆದರೆ ಇಬ್ಬನಿ ಆರಿದ ಮೇಲೆ, ಹನ್ನೊಂದು ಗಂಟೆಯ ನಂತರ. ಹಸಿ ಹುಲ್ಲಿನ ಪೆಂಡಿ ಒಳಗೇ ಬಿಸಿಯೇರಿ ಬೂಸು ಹಿಡಿದು ದನಕ್ಕೂ ಬರದು.

ಇನ್ನು ಅಕ್ಕಿ ಗಿರಣಿ. ಒಂದು ಕ್ವಿಂಟಲ್ ನೆಲ್ಲಿಗೆ ಸುಮಾರು 20 ಕೆಜಿ ಹೊಟ್ಟು; ಅದನ್ನು ಬಾಯ್ಲರ್‌ನಲ್ಲಿ ಉರಿಸಿದರೆ 4 ಕೆಜಿಯಷ್ಟು ಬೂದಿ. ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗೆ ಕಪ್ಪು ಎಳೆ ಬಿದ್ದರೆ ಅದು ಹೊಲದ ಹುಲ್ಲು; ಬೂದು ಪುಡಿ ಬೆರಳಿಗೆ ಸಣ್ಣ ಮರಳಿನಂತೆ ತಾಕಿದರೆ ಗಿರಣಿಯದಿರಬಹುದು, ಅದರಲ್ಲಿ ಬಹುಪಾಲು ಸಿಲಿಕಾ. ಚಿಮಣಿಯ ಸೈಕ್ಲೋನ್ (ಹೊಗೆಯನ್ನು ಸುಳಿಯಂತೆ ಸುತ್ತಿಸಿ ಬೂದಿ ಬೇರ್ಪಡಿಸುವ ಸಾಧನ) ದಪ್ಪ ಕಣ ಹಿಡಿಯುತ್ತದೆ, ಶ್ವಾಸಕೋಶದ ಆಳಕ್ಕಿಳಿಯುವ 2.5 ಮೈಕ್ರಾನ್ ಒಳಗಿನವು ಹೆಚ್ಚಿನಂಶ ನುಸುಳುತ್ತವೆ. ಅವಕ್ಕೆ ಚೀಲದ ಫಿಲ್ಟರ್ ಬೇಕು. ಬೂದಿ ಗುಡ್ಡೆಯನ್ನು ನೆನೆಸಿ ತುಂಬಿ, ಲಾರಿಗೆ ತಾಡಪಾಲು ಕಟ್ಟಿದರೆ ರಸ್ತೆಯ ಧೂಳು ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ.

ಮೊಬೈಲ್ ತೋರಿಸುವ ಗಾಳಿಯ ಗುಣಮಟ್ಟದ ಸಂಖ್ಯೆಯನ್ನು (ಸೂಚ್ಯಂಕ) ಎಚ್ಚರದಿಂದ ಓದಿ. ಹತ್ತಿರ ಮಾಪನ ಕೇಂದ್ರವಿಲ್ಲದ ಊರಿಗೆ ಅದು ವಿಶಾಲ ಪ್ರದೇಶದ ಅಂದಾಜು ಮಾತ್ರ. ನಮ್ಮ ದೇಶದ ಮಿತಿ 2.5 ಮೈಕ್ರಾನ್ ಒಳಗಿನ ಸಣ್ಣ ಕಣಗಳಿಗೆ 24 ಗಂಟೆಯ ಸರಾಸರಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ. ಅಷ್ಟೇ ಕಣಕ್ಕೆ ಭಾರತದ ಸೂಚ್ಯಂಕ 100 ಎಂದರೆ ಅಮೆರಿಕದ್ದು 150 ದಾಟುತ್ತದೆ. ಆ್ಯಪ್ ಯಾವುದನ್ನು ಬಳಸುತ್ತದೆ ನೋಡಿಕೊಳ್ಳಿ. ದಿನದ ಸರಾಸರಿಯಲ್ಲಿ ಬೆಳಗಿನ ಆರರ ಹೊಗೆ ಅಡಗಿಹೋಗುತ್ತದೆ. ಅಗ್ಗದ ಮನೆಯ ಮೀಟರ್ ಮಂಜಿನಲ್ಲಿ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ, ತೇವಕ್ಕೆ ಕಣಗಳು ಉಬ್ಬುವುದರಿಂದ.

ಹೊಗೆ ಅಡ್ಡ ಮಲಗಿದ ದಿನಗಳಲ್ಲಿ ಬೆಳಗಿನ ನಡಿಗೆಯನ್ನು ಒಂಬತ್ತರ ನಂತರಕ್ಕೆ ಹಾಕಿ, ಕಿಟಕಿಯನ್ನು ಮಧ್ಯಾಹ್ನ ತೆರೆಯಿರಿ. ಮುಖಕ್ಕೆ ಸುತ್ತಿದ ಟವೆಲ್ ಧೂಳು ತಡೆಯುತ್ತದೆ, ಹೊಗೆಯನ್ನಲ್ಲ. ಎನ್-95 ಮಾಸ್ಕ್ ಕೂಡ ಮೂಗಿನ ಪಟ್ಟಿ ಒತ್ತಿ ಕೂರಿಸದಿದ್ದರೆ ಬದಿಯಿಂದ ಗಾಳಿ ಎಳೆಯುತ್ತದೆ. ಇನ್‌ಹೇಲರ್ ಬಳಸುವವರು ಔಷಧಿ ಮುಗಿಯದಂತೆ ಕಟಾವು ಶುರುವಾಗುವ ಮೊದಲೇ ವೈದ್ಯರನ್ನು ಕಂಡು ಬನ್ನಿ.